ಕುರಿ ಬುಟ್ಟ್ಯಾಗ ಐವತ್ತೊಂದು ಬೀಜ

ನಮ್ಮ ಜಕ್ಕಪ್ಪ ಕಾಕಾನ ಜೋಡಿ ನಾ ಮಾತು ಬಿಟ್ಟು ನಾಕು ದಿನಾತು. ಸಣ್ಣಾಕಿದ್ದಾಗ ನನ್ನನ್ನ ಹೆಗಲ ಮ್ಯಾಲ ಕುಂದ್ರಿಸ್ಕೊಂಡು ಗುಡ್ಡ ತಿರಗಿಸಿದಾಂವ ಅಂವ. ಅಪ್ಪ ಸತ್ತಾಗ ಹುಡಗಿ ಸಾಲಿ ಬಿಡಸಬ್ಯಾಡ್ರಿ ಅಂತ ಮನಿ ಮಂದಿಗೆಲ್ಲ ಎದುರು ನಿಂತಾಂವ ಅಂವ. ಅಂಥಾ ಮನಶಾನ ಮಾರಿ ನೋಡಿದ್ರ ಈಗ ನನ್ನ ಹೊಟ್ಟ್ಯಾಗ ಬೆಂಕಿ ಬೀಳತೈತಿ. ಊರಿಗೆ ಉಪಕಾರಿ, ಮನಿಗೆ ಮಾರಿ ಅಂತಾರಲ್ಲ, ಆ ಮಾತು ನಮ್ಮ ಕಾಕಾನ್ನ ನೋಡೇ ಯಾರೋ ಕಟ್ಟಿರಬೇಕು.

ಏನಾತು ಅಂತ ಮೊದಲಿಂದ ಹೇಳತೇನಿ. ಕೇಳಿದ ಮ್ಯಾಲ ನಿಮಗೂ ಸಿಟ್ಟು ಬರಲಿಲ್ಲಂದ್ರ ನನ್ನ ಹೆಸರು ಉಮಾಶ್ರೀ ಅಲ್ಲ.

ನಮ್ಮದು ಬೀಳಗಿ ಕಡೆ ಒಂದು ಸಣ್ಣ ಊರು. ಎಲ್ಲಾ ಕುರಿ ಸಾಕೂ ಮಂದಿ, ಬೀರಪ್ಪನ ಒಕ್ಕಲು. ಊರ ಹಿಂದ ಒಂದು ಗುಡ್ಡ ಐತಿ, ಕೆಂಗುಡ್ಡ ಅಂತೀವಿ. ಕಾಗದದಾಗ ಅದು ಅರಣ್ಯ. ಕಣ್ಣಿಲೆ ನೋಡಿದ್ರ ಕಲ್ಲು, ಬಾರಿ ಹಣ್ಣಿನ ಮುಳ್ಳು ಕಂಟಿ, ಮಳಿ ಆದ ವರ್ಷ ಮೊಣಕಾಲ ಮಟ ಹುಲ್ಲು, ಅಷ್ಟ. ಸುತ್ತಮುತ್ತ ನೀರಾವರಿ ಬಂದು ಎತ್ತ ನೋಡಿದ್ರೂ ಕಬ್ಬು. ಕಬ್ಬಿನ ಬದುವಿಗೆ ಕುರಿ ಕಾಲಿಟ್ರ ಹೊಲದಾಂವ ಬಡಿಗಿ ತಗೊಂಡು ಬರತಾನ. ನಮ್ಮ ಕುರಿಗೆ ಬಾಯಿ ಹಾಕಾಕ ಉಳದಿದ್ದು ಆ ಗುಡ್ಡ ಒಂದ.

ಹೋದ ವರ್ಷ ಆ ಗುಡ್ಡಕ್ಕೂ ತಂತಿ ಬೇಲಿ ಹಾಕಿ ಸಸಿ ಹಚ್ಚೂದು ಅಂತ ಆತು. ಕುರಿ ಮೇದು ಮೇದು ಗುಡ್ಡ ಕೆಟ್ಟೈತಿ ಅಂತ ಯಾರೋ ಬರದಿದ್ರು. ನಮ್ಮ ಮಂದಿ ಹೇಳೂದು ಬ್ಯಾರೆ. ಕುರಿ ಮೇದಲ್ಲೇ ಹುಲ್ಲು ಚಿಗರತೈತಿ, ಹಿಕ್ಕಿ ಬಿದ್ದ ನೆಲಾನ ಮೊದಲು ಹಸರಾಗತೈತಿ ಅಂತಾರ. ಯಾರದು ಖರೆ? ಅಳತಿ ಮಾಡಿ ಯಾರೂ ನೋಡಿಲ್ಲ. ಅವರೂ ನೋಡಿಲ್ಲ, ನಾವೂ ನೋಡಿಲ್ಲ. ಅಳದು ನೋಡದನ ಬೇಲಿ ಮಾತ್ರ ಬರೂದು ಗ್ಯಾರಂಟಿ.

ಇನ್ನ ನನ್ನ ಕೆಲಸ. ನಾ ಇರೂದು ಒಂದು ಸಂಶೋಧನಾ ಸಂಸ್ಥ್ಯಾಗ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ, ಈ ನಾಕೂ ತಾಲೂಕಿನ ಕಾಡು, ನೀರು, ಮಣ್ಣಿನ ಬಗ್ಗೆ ಯಾವ ಪ್ರಶ್ನೆ ಮೊದಲು ಹಿಡೀಬೇಕು ಅಂತ ಜನರನ್ನ ಕೇಳಿ ಪಟ್ಟಿ ಮಾಡೂದು. ಪಟ್ಟ್ಯಾಗ ಬಂದ ಪ್ರಶ್ನೆಗೆ ಮೂರು ವರ್ಷ ಮಂದಿ ಬಂದು ಅಳದು ತೂಗಿ ಉತ್ತರ ಹುಡಕತಾರ. ಪಟ್ಟ್ಯಾಗ ಬರಲಾರದ್ದಕ್ಕ ರಾಮ್ ರಾಮ್. ನಮಗ ಮ್ಯಾಲಿನವರು ಮೃಣ್ಮಯಿ ಮ್ಯಾಡಂ, ಜಮಖಂಡಿಯವರು, ಮನ್ಯಾಗ ಮರಾಠಿ, ಹೊರಗ ಕನ್ನಡ. ಮನಸು ಬೆಣ್ಣಿ. ಆದ್ರ ನಿಯಮದ ವಿಷಯಕ್ಕ ಬಂದ್ರ ಕಲ್ಲು.

ಮೂರು ತಿಂಗಳು ನಾ ಸುಮ್ನ ಕುಂತಿಲ್ಲ. ಕೆಂಗುಡ್ಡಕ್ಕ ಕುರಿ ಬಿಟ್ರ ಹುಲ್ಲು ಕೆಡತೈತೋ ಬೆಳಿತೈತೋ, ಈ ಪ್ರಶ್ನೆ ಪಟ್ಟಿಯ ಬಾಗಲಾ ತನಕ ತರಾಕ ನನ್ನ ಚಪ್ಪಲಿ ಹರದು ಹೋದವು. ಇದು ಪ್ರಶ್ನೆನ ಅಲ್ಲ ಅಂದವರಿಗೆ ತಿಳಿಸಿ ಹೇಳಿದ್ನಿ. ಅರಣ್ಯದ ಸಾಹೇಬರ ಆಫೀಸಿಗೆ ಆರು ಸಲ ಹೋದ್ನಿ. ಆರನೇ ಸಲಕ್ಕ ಅವರು ಸೋತು ಒಂದು ಮಾತು ಕೊಟ್ರು. ಈ ಪ್ರಶ್ನೆ ಜನರ ಪಟ್ಟ್ಯಾಗ ಬಂತು ಅಂದ್ರ ಅಭ್ಯಾಸ ಮುಗಿಯೂತನಕ, ಅಂದ್ರ ಮೂರು ವರ್ಷ, ಗುಡ್ಡಕ್ಕ ಬೇಲಿ ಹಾಕೂದಿಲ್ಲ. ಬರಲಿಲ್ಲಂದ್ರ ದೀಪಾವಳಿ ಆದ ಮರುವಾರ ಕಂಬ ನಡತಾವು. ಅದನ್ನ ಕಾಗದದ ಮ್ಯಾಲ ಬರಸ್ಕೊಂಡು ಬಂದ್ನಿ. ನೋಡ್ರಿ, ಅಷ್ಟು ಹತ್ರ ಬಂದಿತ್ತು ತುತ್ತು.

ಕಡೀಗೆ ನಾಕು ಪ್ರಶ್ನೆ ಉಳದವು. ಮುಧೋಳ, ಮಹಾಲಿಂಗಪುರ ಕಡೆ ಕಬ್ಬಿನವರದು ಉಪ್ಪೇರಿದ ಸವಳು ಭೂಮಿ. ಜಮಖಂಡಿ ಕಡೆ ಹೊಳಿ ದಂಡಿಯವರದು ಮೀನ. ರಬಕವಿ-ಬನಹಟ್ಟಿ ನೇಕಾರರದು ಬಾವಿ ನೀರು. ನಮ್ಮದು ಕುರಿ ಮೇವು. ನಾಕರಾಗ ಮೂರು ಪಟ್ಟಿಗೆ ಹೋಗತಾವು. ಬಿಡೂದು ಒಂದ ಒಂದು.

ಯಾವ್ದು ಬಿಡೂದು ಅಂತ ಹುಣಸಿ ಬೀಜದಿಂದ ಆರಿಸೂದು. ನಾಕು ಬುಟ್ಟಿ ಇಡತೀವಿ, ಒಂದೊಂದಕ್ಕ ಒಂದೊಂದು ಚಿತ್ರ. ಬಂದವರಿಗೆ ತಲಿಗೆ ಹತ್ತು ಬೀಜ. ತಮಗ ಯಾವ್ದು ಎಷ್ಟು ಬೇಕೋ ಆ ಬುಟ್ಟಿಗೆ ಅಷ್ಟು ಹಾಕಬಹುದು, ಎಲ್ಲಾ ಒಂದಕ್ಕ ಸುರದ್ರೂ ಯಾರೂ ಕೇಳೂದಿಲ್ಲ. ಓದಾಕ ಬರಲಾರದವರಿಗೂ ತಿಳಿಯೂವಂಥಾದ್ದು.

ಇದಕ್ಕ ನಿಯಮ ಮಾಡಿದಾಕೀನೂ ನಾನ. ಎರಡು ವರ್ಷದ ಹಿಂದ ಬ್ಯಾರೆ ಒಂದು ಸಭೆದಾಗ ಯಾರೋ ಒಬ್ಬ ದೊಡ್ಡ ಮನಶಾ ಬುಟ್ಟಿ ಬಾಜೂಕ ನಿಂತು, ಇದಕ್ಕ ಹಾಕ್ರಿ, ಇದು ಛಲೋ ಐತಿ ಅಂತ ಅಂದ, ಮಂದಿ ಮಿಕಿಮಿಕಿ ನೋಡಿ ಅದಕ್ಕ ಹಾಕಿದ್ರು. ಅವತ್ತು ನಂಗ ತಲಿ ಕೆಟ್ಟು ಮೊಸರ ಗಡಗಿ ಆಗಿತ್ತು. ಅದಕ್ಕ ಈ ಸಲ ನಾನ ಬರದ್ನಿ: ಬೀಜ ಹಾಕೂ ಮುಂದ ಸಂಸ್ಥೆಯವರು, ಸಾಹೇಬರು, ಯಾರೂ ಬಾಯಿ ತೆರಿಬಾರದು. ಬೀಜ ಎಣಿಸಿದ ಮ್ಯಾಲ ಯಾರೂ ತಿದ್ದಬಾರದು. ಮೃಣ್ಮಯಿ ಮ್ಯಾಡಂ ಓದಿ, ಶಭಾಶ್ ಉಮಾಶ್ರೀ ಅಂತ ಕೆಳಗ ಸಹಿ ಮಾಡಿದ್ರು.

ಇನ್ನೊಂದು ಶಾಣ್ಯಾತನಾನೂ ನಂದ. ಮ್ಯಾಡಂ ಮುಧೋಳದಾಗ ಒಂದು ಹಾಲ್ ಹಿಡದಿದ್ರು, ಕುರ್ಚಿ, ಫ್ಯಾನು, ಎಲ್ಲಾ ಇತ್ತು. ನಾ ಬ್ಯಾಡೇ ಬ್ಯಾಡ ಅಂದ್ನಿ. ಕುರಿ ಬಿಟ್ಟು ನಮ್ಮವರು ಮುಧೋಳಕ್ಕ ಹೆಂಗ ಬರತಾರ? ಪ್ರತಿ ಸಲ ಸಭೆ ಆಗೂದು ಪ್ಯಾಟ್ಯಾಗ, ನಮ್ಮ ಮಂದಿ ಇರೂದು ಗುಡ್ಡದಾಗ, ಪಟ್ಟಿ ಆಗೂದು ಬ್ಯಾರೆಯವರದು. ಈ ಸಲ ನಮ್ಮೂರ ಬೀರಪ್ಪನ ಗುಡ್ಯಾಗ ಮಾಡೂನು ಅಂತ ಎರಡು ವಾರ ಹಟ ಹಿಡದ್ನಿ. ಮ್ಯಾಡಂ ಒಪ್ಪಿ ಹಾಲ್ ಬಿಟ್ರು. ಅವತ್ತು ನಾ ಎಷ್ಟು ಖುಷಿಲೆ ಮನಿಗೆ ಬಂದಿದ್ನಿ ಅಂತ ನೆನಸಿದ್ರ ಈಗ ಕಪಾಳಕ್ಕ ಹೊಡ್ಕೋಬೇಕು ಅನಸತೈತಿ.

ಸಭೆದ ಹಿಂದಿನ ವಾರ ದಿನಾ ಸಂಜಿಕ ನಮ್ಮ ಮಂದೀನ ಕುಂದ್ರಿಸಿ ತಿಳಿಸಿದ್ನಿ. ಹತ್ತೂ ಬೀಜ ಕುರಿ ಚಿತ್ರದ ಬುಟ್ಟಿಗೆ. ಕಾಕಾಗಂತೂ ಬ್ಯಾರೆ ಹೇಳಿದ್ನಿ, ಯಾಕಂದ್ರ ಹಿರ್ಯಾ ಅಂವ, ಅಂವ ಮಾಡಿದಂಗ ಊರು ಮಾಡತೈತಿ. ತಿಳದೈತಿ ಬಿಡವ್ವ, ಎಷ್ಟು ಸಲ ಹೇಳತಿ, ಕುರುಬಗ ಕುರಿ ಕಾಯೂದು ಕಲಸಾಕತ್ತಿ ಅಂತ ಅಂವ ನಕ್ಕಿದ್ದ.

ಸಭೆ ದಿನ ಮೂವತ್ತೊಂಬತ್ತು ಮಂದಿ ಹೊರಗಿನವರು ಬಂದ್ರು. ಕಬ್ಬಿನವರು ಹದಿನಾಕು, ಮೀನಿನವರು ಹನ್ನೆರಡು, ನೇಕಾರರು ಹದಿಮೂರು. ನಮ್ಮವರು ನಲವತ್ತು. ನಾ ಅಂದದ್ದು ಚಾ, ಚುರಮರಿ ಸಾಕು ಅಂತ. ಕಾಕಾ ಕೇಳ್ತಾನೇನು? ನಸುಕಿನ್ಯಾಗ ಎದ್ದು ಹೆಣಮಕ್ಕಳನ್ನ ಕೂಡಿಸಿ ಗೋಧಿ ಹುಗ್ಗಿ ಮಾಡಿಸಿದ್ದ, ರೊಟ್ಟಿ ತಟ್ಟಿಸಿದ್ದ, ಬದನೀಕಾಯಿ ಪಲ್ಯಾ ಮಾಡಿಸಿದ್ದ. ಬಂದವರ ಕಾಲಿಗೆ ನೀರು ಕೊಟ್ಟ, ಹಣಿಗೆ ಭಂಡಾರ ಹಚ್ಚಿದ, ಗುಡಿ ಮುಂದ ಸಾಲಾಗಿ ಕುಂದ್ರಿಸಿ ತಾನ ಹುಗ್ಗಿ ಬಡಿಸಿದ. ನಮ್ಮವರು ಒಬ್ಬರೂ ಉಣ್ಣಲಿಲ್ಲ. ಮನಿಯವರು ಕಡೀಕ ಉಣ್ಣೂದು ನಮ್ಮ ಕಡೆ ರೂಢಿ. ನೋಡಾಕ ಬಂದಿದ್ದ ಅರಣ್ಯದ ಸಾಹೇಬರು ಬೆರಳು ನೆಕ್ಕಿಕೊಂತ, ಜಕ್ಕಪ್ಪಾರ, ಹಿಂಥಾ ಹುಗ್ಗಿ ತಿಂದು ಎಷ್ಟು ವರ್ಷಾಗಿತ್ತು ಅಂದ್ರು. ಕಾಕಾನ ಮಾರಿ ಅರಳಿತು. ನಂಗೂ ಛಲೋ ಅನಸ್ತು, ಸುಳ್ಳು ಯಾಕ ಹೇಳಲಿ.

ಉಂಡು ಕೈ ತೊಳದ ಮ್ಯಾಲ ಬೀಜ ಹಂಚಿದ್ವಿ. ಯಾರು ಬೇಕಾದ್ರೂ ಮೊದಲು ಬರಬಹುದು ಅಂತ ಮ್ಯಾಡಂ ಹೇಳಿದ್ರು. ಕಾಕಾ ಕೈ ಮುಗದು, ಬಂದವರು ಮೊದಲು ಹಾಕಬೇಕು ಅಂದ. ಬಂದವರು ಎದ್ದು ಹೋಗಿ ಹಾಕಿದ್ರು. ಕಬ್ಬಿನವರು ಹತ್ತಕ್ಕ ಹತ್ತೂ ಸವಳಿಗೆ. ಮೀನಿನವರು ಹತ್ತಕ್ಕ ಹತ್ತೂ ಮೀನಿಗೆ. ನೇಕಾರರದೂ ಹಂಗ, ಒಬ್ಬಾಕಿ ಮಧುಮತಿ ಅನ್ನಾಕಿ ಮಾತ್ರ ಹುಗ್ಗಿ ಉಂಡ ಋಣಕ್ಕೋ ಏನೋ ಎರಡು ಬೀಜ ಕುರಿ ಬುಟ್ಟಿಗೆ ಹಾಕಿ ನಕ್ಕು ಹೋದ್ಳು.

ನಾ ಪುಸ್ತಕ ಹಿಡಕೊಂಡು ಬಾಜೂಕ ನಿಂತು ಲೆಕ್ಕಾ ಮಾಡಿದ್ನಿ. ಸವಳು ನೂರಾ ನಲವತ್ತು, ಬಾವಿ ನೂರಾ ಇಪ್ಪತ್ತೆಂಟು, ಮೀನ ನೂರಾ ಇಪ್ಪತ್ತು. ನಮ್ಮವರ ಕಡೆ ನಾನೂರು ಬೀಜ ಅದಾವು. ಎಲ್ಲಾ ಹಾಕಬೇಕಂತಾನೂ ಇಲ್ಲ, ಅರ್ಧ ಹಾಕಿದ್ರೂ ಪಟ್ಟ್ಯಾಗ ಬರತೀವಿ. ನಾ ಒಳಗಿಂದೊಳಗ ಬೀರಪ್ಪಗ ಕೈ ಮುಗದ್ನಿ.

ಆಮ್ಯಾಲ ಕಾಕಾ ಎದ್ದ. ಅಂಗೈಯಾಗ ಬೀಜ ಇಟ್ಕೊಂಡು ಸವಳಿನ ಬುಟ್ಟಿ ಮುಂದ ಬಂದು ನಿಂತ. ಬಗ್ಗಿ ಒಂದು ಬೀಜ ಹಾಕಿದ. ನಂಗ ಕೈ ತಪ್ಪೇತಿ ಅನಸ್ತು. ಕುಂತ ಮಂದಿ ಕಡೆ ಒಮ್ಮೆ ನೋಡಿದ, ಮತ್ತೊಂದು ಹಾಕಿದ. ಮತ್ತ ನೋಡಿದ, ಮೂರನೇದು ಹಾಕಿದ. ಕಬ್ಬಿನವರು ಚಪ್ಪಾಳಿ ತಟ್ಟಿದ್ರು. ಅಂವ ಮೀನಿನ ಬುಟ್ಟಿಗೆ ಹೋದ, ಅಲ್ಲೂ ನಿಂತ ನಿಂತ ಮೂರು. ಬಾವಿಗೆ ಮೂರು. ಕಡೀಕ ಕೈಯಾಗ ಉಳದ ಒಂದ ಒಂದು ಬೀಜ ಕುರಿ ಬುಟ್ಟಿಗೆ ಹಾಕಿ, ಕೈ ಜಾಡಿಸಿ, ಬಂದು ಕುಂತ.

ಕಾಕಾ, ಏನ್ ಮಾಡಾಕತ್ತಿ ಅಂತ ಒಂದು ಮಾತು ಅಂದಿದ್ರ ಸಾಕಿತ್ತು. ಬಾಯಿ ತೆರಿಬಾರದು ಅಂತ ಬರದಾಕಿ ನಾನ. ಮೃಣ್ಮಯಿ ಮ್ಯಾಡಂ ನನ್ನ ಕಡೆ ನೋಡಿ ಬ್ಯಾಡ ಅನ್ನೂವಂಗ ಕಣ್ಣಿಲೆ ಅಂದ್ರು. ನಾ ಪುಸ್ತಕದಾಗ ಕಾಕಾನ ಬೀಜದ ಲೆಕ್ಕಾ ಬರದ್ನಿ.

ಹಿರ್ಯಾ ಹೋದ ದಾರಿಲೆ ಹಿಂಡು ಹೋತು. ಯಲ್ಲಾಲಿಂಗ ಮಾವ ಹೋದ, ಮೂರು ಮೂರು ಮೂರು ಒಂದು. ಲಕ್ಷ್ಮವ್ವ ಆಯಿ ಹೋದ್ಳು, ಮೂರು ಮೂರು ಮೂರು ಒಂದು. ನಾ ದಿನಾ ಸಂಜಿಕ ಕುಂದ್ರಿಸಿ ಹೇಳಿದ್ದು ಎಲ್ಲಾ ನೀರಾಗ ಹೋಮ. ನಮ್ಮವ್ವ ಸತ್ಯವ್ವ ಒಬ್ಬಾಕಿನ ಬುಟ್ಟಿ ಮುಂದ ಬಂದು, ಹಿಂದ ಮುಂದ ನೋಡದ, ಹತ್ತೂ ಬೀಜ ಕುರಿ ಬುಟ್ಟಿಗೆ ಸುರದ್ಳು. ಹಿಂದಿನಿಂದ ಯಾರೋ ಹೆಣಮಗಳು, ಮಂದಿ ಮುಂದ ಹಿಂಗ ಮಾಡತಾರೇನ ಬೇ ಅಂತ ಬೈದಿದ್ದು ನನ್ನ ಕಿವಿಗೆ ಬಿತ್ತು. ಅವ್ವ ಸೆರಗು ಹೊತ್ಕೊಂಡು ಹೊಳ್ಳಿ ಕುಂತ್ಳು.

ಎಣಿಸಿದ್ವಿ. ಸವಳು ಇನ್ನೂರಾ ಐವತ್ತೇಳು. ಬಾವಿ ಇನ್ನೂರಾ ನಲವತ್ತೈದು. ಮೀನ ಇನ್ನೂರಾ ಮೂವತ್ತೇಳು. ಕುರಿ ಐವತ್ತೊಂದು. ನಮ್ಮೂರಾಗ, ನಮ್ಮ ಗುಡ್ಯಾಗ, ಬಂದವರಕಿಂತ ನಾವ ಒಬ್ಬರು ಹೆಚ್ಚಿಗಿ ಇದ್ದು, ಐವತ್ತೊಂದು.

ನಾ ಮ್ಯಾಡಂನ ಗುಡಿ ಹಿಂದ ಕರಕೊಂಡು ಹೋಗಿ ಕೈ ಹಿಡಕೊಂಡ್ನಿ. ಇದು ಪ್ರಶ್ನೆ ಬೇಕೋ ಬ್ಯಾಡೋ ಅನ್ನೂದಲ್ಲ, ಬಂದವರ ಮುಂದ ಮರ್ಯಾದಿ, ನಮ್ಮವರಿಗೆ ಇನ್ನೊಮ್ಮೆ ಬೀಜ ಕೊಡ್ರಿ ಅಂದ್ನಿ. ಅವರ ಕಣ್ಣಾಗೂ ನೀರು ಬಂದಿತ್ತು.

"ಉಮಾಶ್ರೀ, ನನಗೂ ಭಾಳ ಕೆಟ್ಟ ಅನಸ್ಲಿಕ್ಕತ್ತದ. ಆದ್ರ ಇವತ್ತು ನಿಮ್ಮವರ ಸಲುವಾಗಿ ತಿದ್ದಿದ್ರ, ನಾಳೆ ಇನ್ನೊಬ್ಬರು ತಮ್ಮವರ ಸಲುವಾಗಿ ತಿದ್ದು ಅಂತಾರ. ಈ ಮಾತು ನನಗ ಕಲಿಸಿದವರು ನೀವ ಅಲ್ಲೇನ್ರಿ?"

ಮಾಡಿದ್ದುಣ್ಣೋ ಮಹರಾಯ. ಹೊರಗ ಬಂದು ಕಬ್ಬಿನವರ ಮುಖಂಡ, ರನ್ನ ಬೆಳಗಲಿಯ ಗುರುಪಾದ ಅವರನ್ನ ಹಿಡದ್ನಿ. ನಿಮಗ ಬೇಕಾದಕಿಂತ ಹೆಚ್ಚು ಬಂದಾವು, ನೀವರ ಒಂದು ಮಾತು ಹೇಳ್ರಿ ಅಂತ ಕೇಳಿದ್ನಿ. ಅಂವ ಕೆಟ್ಟ ಮನಶಾ ಅಲ್ಲ. ಗಲ್ಲ ಕೆರಕೊಂಡು, ತಂಗಿ, ನಿಮ್ಮ ಹಿರ್ಯಾರ ತಮ್ಮ ಕೈಲೆ ಹಾಕ್ಯಾರ, ನಿಮಗ ಅಷ್ಟು ಜರೂರ ಇಲ್ಲ ಅಂತ ನಾವು ತಿಳಕೊಂಡ್ವಿ, ಬೇಕಾದವರು ಕೇಳತಾರ ಅಲ್ಲೇನು ಅಂದ. ಬಾಯಿದ್ದವ ಬರಗಾಲದಾಗೂ ಬದುಕ್ಯಾನ ಅಂತ ಒಂದು ಗಾದಿನೂ ಹೇಳಿ ಟೆಂಪೋ ಹತ್ತಿದ.

ಸಾಹೇಬರು ಜೀಪ್ ಹತ್ತೂ ಮುಂದ ನಂಗ ಅಂದದ್ದು ಇನ್ನೂ ಕೆಟ್ಟದ್ದು. ಕೊಟ್ಟ ಮಾತಿಗೆ ನಾ ತಯಾರಿದ್ದೆ, ನಿಮ್ಮ ಮಂದಿಗೇ ಬ್ಯಾಡಾಗೇತಿ, ಈಗ ಕಾಗದದಾಗ ಅವರ ಹೇಳ್ಯಾರಲ್ಲ ಅಂದ್ರು. ಖರೇನ. ಇಷ್ಟು ದಿನ ಬೇಲಿ ಹಾಕ್ರಿ ಅಂತ ಬರದವರು ಬ್ಯಾರೆ ಮಂದಿ ಇದ್ರು. ಈಗ ನಮ್ಮ ಊರ ಬರದು ಕೊಟ್ಟಂಗಾತು.

ಎಲ್ಲಾರು ಹೋದ ಮ್ಯಾಲ ಕಾಕಾ ಗುಡಿ ಕಟ್ಟಿ ಮ್ಯಾಲ ಕುಂತು ಉಳದ ರೊಟ್ಟಿ ಉಣ್ಣಾಕತ್ತಿದ್ದ. ಹುಗ್ಗಿ ಖಾಲಿಯಾಗಿತ್ತು. ನಾ ಅವನ ಮುಂದ ನಿಂತು ಬಾಯಿಗೆ ಬಂದಂಗ ಅಂದ್ನಿ. ಇದು ಹುಗ್ಗಿ ಅಲ್ಲ ಬಡಸಾಕ, ಗುಡ್ಡ, ನಿನ್ನ ಕುರಿದು, ನಮ್ಮೆಲ್ಲಾರದು ಅಂದ್ನಿ. ಮುಧೋಳದಾಗ ಮಾಡಿದ್ರ ನೀವು ಬಂದವರಾಗತಿದ್ರಿ, ಹತ್ತಕ್ಕ ಹತ್ತೂ ಕಸಗೊಂಡು ಹಾಕ್ಕೋತಿದ್ರಿ, ಇಲ್ಲಿ ಮಾಡಿದ್ದು ನನ್ನ ತಪ್ಪು ಅಂತ ಚೀರಿದ್ನಿ. ಅಂವ ರೊಟ್ಟಿ ಮುರಕೊಂತ ಕುಂತಿದ್ದ. ಬಂದವರು ಹೊಟ್ಟಿ ತುಂಬ ಉಂಡ್ರು, ಛಲೋ ಆತು ಅಂತ ಅಷ್ಟ ಅಂದ. ಅಲ್ಲಿಗೆ ನನ್ನ ತಾಳ್ಮಿ ಹರೀತು. ಮಾತು ಬಿಟ್ನಿ.

ಆದ್ರ ನೌಕರಿ ಮಾತು ಬಿಡಾಕ ಬಿಡಬೇಕಲ್ಲ. ಪಟ್ಟಿ ನಮ್ಮದ ಐತಿ, ಯಾರೂ ಒತ್ತಾಯ ಮಾಡಿಲ್ಲ ಅಂತ ಆಯಾ ಊರಿನ ಹಿರ್ಯಾರ ಸಹಿ ಬೇಕು. ಉಳದ ಮೂರೂ ಕಡೆ ಸಹಿ ಆಗಿತ್ತು. ನಮ್ಮೂರದು ಬಾಕಿ. ಇವತ್ತು ಕಡೀ ದಿನ. ಬ್ಯಾರೆ ಯಾರನ್ನರ ಕಳಸಬೇಕಂದ್ರ ಯಾರೂ ಸಿಗಲಿಲ್ಲ. ಮಧ್ಯಾಹ್ನ ಬಿಸಲಾಗ ಕಾಗದ ಹಿಡಕೊಂಡು ನಾನ ಕೆಂಗುಡ್ಡ ಹತ್ತಿದ್ನಿ.

ಕಾಕಾ ಬಾರಿ ಕಂಟಿ ನೆರಳಿಗೆ ಕುಂತಿದ್ದ. ಕುರಿ ಸುತ್ತ ಮೇಯಾಕತ್ತಿದ್ದವು. ನಾ ಕಾಗದ ಮುಂದ ಹಿಡದು, ಸಹಿ ಮಾಡು ಅಂದ್ನಿ. ಓದು ಅಂದ. ಓದಿದ್ನಿ. ಒಂದು ಸವಳು, ಎರಡು ಬಾವಿ ನೀರು, ಮೂರು ಮೀನ. ಅದರ ಕೆಳಗ, ಕುರಿ ಮೇವಿನ ಪ್ರಶ್ನೆ ಸ್ಥಳೀಯರಿಗೆ ಮುಖ್ಯ ಅನಸಿಲ್ಲ, ಕೈಬಿಡಲಾಗಿದೆ.

ಕಾಕಾ ಪೆನ್ನು ಇಸಕೊಂಡು ಒಂದೊಂದ ಅಕ್ಷರ ಕೂಡಿಸಿ ತನ್ನ ಹೆಸರು ಬರದ. ಕಾಗದ ಹೊಳ್ಳಿ ಕೊಟ್ಟ. ಕಂಬ ಎಂದು ನಡತಾರ ಅಂತ ಕೇಳಿದ. ದೀಪಾವಳಿ ಆದ ಮರುವಾರ ಅಂದ್ನಿ. ನಾಕು ದಿನದಾಗ ಅವನ ಜೋಡಿ ಆಡಿದ ಮಾತು ಅವ ಎರಡು. ಇಳದು ಹೋಗಬೇಕಂತ ಹೊಳ್ಳಿದ್ನಿ. ಮತ್ತ ಅವನ ಕಡೆ ತಿರಗಿದ್ನಿ.

"ಯಾಕ ಹಂಗ ಮಾಡಿದಿ ಕಾಕಾ?" ಅಂದ್ನಿ. "ಎಷ್ಟು ಸಲ ಹೇಳಿದ್ನಿ ನಾ."

ಕಾಕಾ ಬಡಿಗಿ ತುದಿಲೆ ನೆಲ ಕೆದರಿದ. ನಾ ಹೋಗಿಬಿಡತೇನಿ ಅಂತ ತಿಳದೋ ಏನೋ, ನನ್ನ ಮಾರಿ ನೋಡದ ಮಾತಾಡಿದ.

"ನಮ್ಮ ಮುಂದ ಕುಂತು ಉಂಡ ಮಂದಿ ಅವರು. ಅವರ ಕಣ್ಣ ಮುಂದ ಎಲ್ಲಾ ನನಗ ಅಂತ ಹೆಂಗ ಸುರಕೊಳ್ಳಲಿ? ಬಡಸಾಕ ಹೋದಾಗ ಉಣ್ಣಾಂವ ಎಡಿ ಮ್ಯಾಲ ಕೈ ಅಡ್ಡ ಹಿಡದು ಸಾಕು ಅನ್ನಬೇಕು. ಅಂವ ಸಾಕು ಅನ್ನೂತನಕ ಬಡಸಾಂವ ಕೈ ಹಿಂದ ತಗೊಳ್ಳಂಗಿಲ್ಲ, ಅದು ರೂಢಿ. ಒಂದು ಹಾಕಿ ಅವರ ಕಡೆ ನೋಡಿದ್ನಿ. ಈಗ ಸಾಕು ಜಕ್ಕಪ್ಪಾರ, ಇನ್ನ ನಿಮ್ಮ ಬುಟ್ಟಿಗೆ ಹಾಕ್ಕೋರಿ ಅಂತಾರ ಅಂತ. ಎರಡನೇದು ಹಾಕಿ ನೋಡಿದ್ನಿ. ಮೂರು ಬುಟ್ಟಿಗೂ ಹಂಗ ತಡದು ತಡದು ಹಾಕಿದ್ನಿ, ಉಮಾ. ಅಷ್ಟು ಮಂದ್ಯಾಗ ಒಬ್ಬರರ ಸಾಕು ಅನ್ನಲಿಲ್ಲ."

ಕಾಕಾ ಎದ್ದು ಕಂಬಳಿ ಹೆಗಲಿಗೆ ಹಾಕ್ಕೊಂಡ. ಒಂದು ಮರಿ ಕೆಳಗ ಕಬ್ಬಿನ ಕಡೆ ಇಳಿಯಾಕತ್ತಿತ್ತು, ಅದನ್ನ ಹೊಳ್ಳಸಾಕ ಹೊಂಟಾಂವ ನನ್ನ ಬಾಜೂಕ ಬಂದಾಗ ನಿಂತ.

"ಬಂದವರ ಮಾತು ಬಿಡು," ಅಂದ. "ನೀ ಬುಟ್ಟಿ ಹತ್ರಾನ ನಿಂತಿದ್ದಿಯಲ್ಲ ಯವ್ವಾ. ನೀನರ ಸಾಕು ಅನ್ನಬಾರದಿತ್ತಾ?"